ತೋಟದ ಇಂಜಿನ್ನುಗಳಿಗೆ ಕೀಲೆಣ್ಣೆಯ ಆಯ್ಕೆ

(ಕೃಷಿ ಇನ್‌ಸ್ಪೆಕ್ಟರು, ಎಲ್. ಎಜಿ., ಅವರಿಂದ)

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ತಾಲೂಕುಗಳ ತೋಟಗಳಲ್ಲಿಯೂ ಬೈಲುಗದ್ದೆಗಳಲ್ಲಿಯೂ ಇಂಜಿನ್ನಿನ ಸದ್ದು ಕೇಳದ ದಿನವಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ನೀರೆತ್ತುವ ಕೆಲಸವು ಬಹುಮಟ್ಟಿಗೆ ವಿದ್ಯುತ್ ಮೋಟಾರುಗಳಿಗೆ ಸಂದಿರುವುದಾದರೂ, ತಂತಿ ಹೋಗದ ಹೊಳೆಬದಿಗಳಲ್ಲಿ ಡೀಸೆಲ್ ಪಂಪುಗಳು ಈಗಲೂ ನಡೆಯುತ್ತಿವೆ. ಏಣಿಲು ಗದ್ದೆಯ ಉಳುಮೆಗೆ ಪವರ್ ಟಿಲ್ಲರು, ಅಡಕೆ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಹೊಡೆಯುವುದಕ್ಕೆ ಪೆಟ್ರೋಲ್ ಇಂಜಿನ್ನಿನ ಪಂಪು, ತೋಟದ ಹುಲ್ಲನ್ನು ಸವರುವುದಕ್ಕೆ ಹೆಗಲಿಗೆ ತಗಲಿಸುವ ಪುಟ್ಟ ಯಂತ್ರ, ಹೀಗೆ ಒಂದೊಂದು ಮನೆಯಲ್ಲಿ ಮೂರು ನಾಲ್ಕು ಇಂಜಿನ್ನುಗಳಿರುವುದು ಇಂದು ಸಾಮಾನ್ಯವಾಗಿದೆ.

ಹಿಂದಿನವರು ಉಳುವ ಎತ್ತಿಗೆ ಹುರುಳಿಯನ್ನು ಬೇಯಿಸಿ ಹಾಕುವಾಗ ಅದರ ಹದವನ್ನು ತಾವೇ ನಿಂತು ನೋಡುತ್ತಿದ್ದರು. ಅವರ ಮಕ್ಕಳು ಇಂಜಿನ್ನಿಗೆ ಹಾಕುವ ಎಣ್ಣೆಯನ್ನು ಮಾತ್ರ ಅಂಗಡಿಯವನ ಮಾತಿಗೆ ಬಿಟ್ಟಿರುವುದನ್ನು ನಾವು ಎಲ್ಲೆಲ್ಲಿಯೂ ಕಾಣುತ್ತೇವೆ. ಇದರ ಜೊತೆಗೆ, ಸವೆತವನ್ನು ತಡೆಯುವುದೆಂದು ಹೇಳುವ ಬಗೆಬಗೆಯ ಔಷಧಗಳು ಚಿಕ್ಕ ಸೀಸೆಗಳಲ್ಲಿ ಮಾರಾಟಕ್ಕೆ ಬಂದಿರುತ್ತವೆ. ಕೀಲೆಣ್ಣೆಯನ್ನು ಹೇಗೆ ಆರಿಸಬೇಕು, ಈ ಔಷಧಗಳಿಂದ ಪ್ರಯೋಜನವೆಷ್ಟು ಎಂಬುದನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಉಪಯೋಗವಾಗುವಂತೆ ವಿವರಿಸುವುದೇ ಈ ಲೇಖನದ ಉದ್ದೇಶವು.

ಒಂದು ನಿದರ್ಶನ

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಗ್ರಾಮಕ್ಕೆ ಈ ಲೇಖಕನು ಹೋಗಿದ್ದಾಗ, ಮೂರು ಎಕರೆ ಅಡಕೆ ತೋಟವುಳ್ಳ ಒಬ್ಬ ಗೃಹಸ್ಥರು ಅಂಥದೊಂದು ಸೀಸೆಯನ್ನು ತಂದು ತೋರಿಸಿ, "ಇದನ್ನು ಮದ್ದು ಬಿಡುವ ಇಂಜಿನ್ನಿಗೆ ಹಾಕಬಹುದೇ ಸ್ವಾಮಿ?" ಎಂದು ಕೇಳಿದರು. ನಾನು ಇಂಜಿನ್ನನ್ನು ನೋಡದೆ, ಅದರ ಎಣ್ಣೆಯನ್ನು ಬದಲಾಯಿಸಿ ಎಷ್ಟು ಕಾಲವಾಯಿತೆಂದು ವಿಚಾರಿಸದೆ, "ಹಾಕಿದರೆ ಹಾನಿಯೇನೂ ಇಲ್ಲ" ಎಂದು ಹೇಳಿ ಜೀಪನ್ನು ಹತ್ತಿದೆನು.

ಜೂನ್ ತಿಂಗಳಲ್ಲಿ ಮಳೆಯು ಮೂರು ದಿನ ಬಿಡುವು ಕೊಟ್ಟಿತು. ಊರಿನವರೆಲ್ಲರೂ ಒಮ್ಮೆಗೇ ದ್ರಾವಣ ಹೊಡೆಯುವುದಕ್ಕೆ ತೊಡಗಿದರು. ಈ ಗೃಹಸ್ಥರ ಇಂಜಿನ್ನು ಎರಡನೆಯ ದಿನ ಮಧ್ಯಾಹ್ನ ಕಿರುಗುಟ್ಟಿ ನಿಂತುಹೋಯಿತು. ಹಗ್ಗವನ್ನು ಎಷ್ಟು ಎಳೆದರೂ ತಿರುಗಲಿಲ್ಲ. ತೋಟದ ಅರ್ಧ ಭಾಗ ಮಾತ್ರ ಮುಗಿದಿತ್ತು. ನೆರೆಯವರ ಯಂತ್ರಗಳೆಲ್ಲ ಅವರವರ ತೋಟದಲ್ಲಿಯೇ ಇದ್ದುವು. ನಾಲ್ಕನೆಯ ದಿನ ಮಳೆ ಹಿಡಿದುದು ಆಟಿ ತಿಂಗಳು ಮುಗಿಯುವವರೆಗೆ ಬಿಡಲಿಲ್ಲ. ಮದ್ದು ಬಿದ್ದ ಅರ್ಧದಲ್ಲಿ ಗೊನೆಗಳು ಉಳಿದುವು. ಉಳಿದ ಅರ್ಧದಲ್ಲಿ ಕೊಳೆರೋಗವು ತಗಲಿ ಮರಗಳ ಬುಡವೆಲ್ಲ ಹಸುರು ಕಾಯಿಗಳಿಂದ ತುಂಬಿತು.

ಮುಂದೆ ಆ ಇಂಜಿನ್ನನ್ನು ಬಿಚ್ಚಿಸಿದಾಗ ನಾನೂ ಹತ್ತಿರವಿದ್ದೆನು. ತಳದಲ್ಲಿ ಅಳತೆಯ ಅರ್ಧದಷ್ಟೂ ಎಣ್ಣೆಯಿರಲಿಲ್ಲ. ಇದ್ದುದು ಡಾಮರಿನಂತೆ ಕಪ್ಪಾಗಿ ಮಂದವಾಗಿತ್ತು. ಪಿಸ್ಟನ್ನಿನ ತೋಳು ದಂಡಿಗೆಗೆ ಕಚ್ಚಿಕೊಂಡು ಲೋಹವು ಮೆತ್ತಿಕೊಂಡಿತ್ತು. ಕಳೆದ ವರ್ಷದ ಎಣ್ಣೆಯನ್ನು ಬದಲಾಯಿಸದೆ ಅದರ ಮೇಲೆಯೇ ಸೀಸೆಯ ಔಷಧವನ್ನು ಸುರಿದು, ಇನ್ನು ಭಯವಿಲ್ಲವೆಂದು ಅವರು ನಂಬಿದ್ದರು. ಅಲ್ಲದೆ ಇಂಜಿನ್ನನ್ನು ಎರಡು ದಿನವೂ ಇಳಿಜಾರಿನ ಅಂಚಿನಲ್ಲಿ ಓರೆಯಾಗಿ ನಿಲ್ಲಿಸಿ ಓಡಿಸಿದ್ದರು. ಸೀಸೆಯಲ್ಲಿದ್ದುದು ವಿಷವಲ್ಲ, ಆದರೆ ಅದು ಅವರ ಎಚ್ಚರವನ್ನು ತೆಗೆಯಿತು. ನನ್ನ ಅವಸರದ ಉತ್ತರವೂ ಅದಕ್ಕೆ ಒತ್ತಾಸೆಯಾಯಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯವಾಗಿದೆ.

ಹಳೆಯ ಇಂಜಿನ್ನು, ಹೊಸ ಇಂಜಿನ್ನು

ಹಿಂದಿನ ತಲೆಮಾರಿನವರು ಕಂಡ ಆಯಿಲ್ ಇಂಜಿನ್ನುಗಳಲ್ಲಿ ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಮಾದರಿಯು ಪ್ರಸಿದ್ಧವಾದುದು. ಅದೇ ಮಾದರಿಯ ಇಂಜಿನ್ನುಗಳನ್ನು ಗುಜರಾತಿನ ರಾಜಕೋಟೆಯಲ್ಲಿ ಬಹುಕಾಲ ತಯಾರಿಸುತ್ತಿದ್ದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ನುಗಳ ಕಾರ್ಖಾನೆಯನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಪವರ್ ಟಿಲ್ಲರುಗಳ ತಯಾರಿಕೆಯು ಜಪಾನಿನ ಸಹಯೋಗದಿಂದ ಬಂದಿತು.

ಲಿಸ್ಟರ್ ಮಾದರಿಯ ಆರು ಅಶ್ವಶಕ್ತಿಯ ಇಂಜಿನ್ನು ಮುನ್ನೂರು ಕಿಲೋಗ್ರಾಮಿಗೂ ಮೇಲ್ಪಟ್ಟು ತೂಗುತ್ತಿತ್ತು; ಅದರ ಸಿಲಿಂಡರಿನ ಗಾತ್ರ ಸುಮಾರು 1,430 ಘನ ಸೆಂಟಿಮೀಟರು; ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುತ್ತಿತ್ತು. ಇಂದು ಸಿಂಪಡಿಸುವ ಪಂಪಿಗೆ ಜೋಡಿಸುವ ಪೆಟ್ರೋಲ್ ಇಂಜಿನ್ನು ಸುಮಾರು 160 ಘನ ಸೆಂಟಿಮೀಟರಿನದು. ತೂಕ ಹದಿನೈದು ಕಿಲೋಗ್ರಾಮಿನಷ್ಟು. ಆದರೂ ನಿಮಿಷಕ್ಕೆ 3,600 ಸುತ್ತು ತಿರುಗಿ ಐದು ಅಶ್ವಶಕ್ತಿಯಷ್ಟು ಕೆಲಸ ಮಾಡಬಲ್ಲುದು. ಹುಲ್ಲು ಸವರುವ ಯಂತ್ರವು ಇದಕ್ಕಿಂತಲೂ ಚಿಕ್ಕದು. ಅದು ನಿಮಿಷಕ್ಕೆ ಏಳು ಸಾವಿರ ಸುತ್ತಿಗೂ ಮೀರಿ ತಿರುಗುವುದುಂಟು.

ಗಾತ್ರವು ಒಂಬತ್ತರಲ್ಲಿ ಒಂದು ಪಾಲಾಗಿಯೂ ಬಲವು ಹೆಚ್ಚುಕಡಿಮೆ ಅಷ್ಟೇ ಇರಬೇಕಾದರೆ, ಪ್ರತಿಯೊಂದು ಭಾಗವೂ ಅಷ್ಟು ಹೆಚ್ಚು ಬಿಸಿಯನ್ನೂ ವೇಗವನ್ನೂ ತಾಳಬೇಕಷ್ಟೆ. ಹಳೆಯ ಇಂಜಿನ್ನು ಕೋಣದಂತೆ; ಒಂದು ಹೊತ್ತು ಉಪವಾಸವಿದ್ದರೂ ನಡೆದೀತು. ಹೊಸದು ಓಟದ ಕುದುರೆಯಂತೆ. ಅದಕ್ಕೆ ಅಳತೆ ತಪ್ಪುವಂತಿಲ್ಲ. ಆದುದರಿಂದ ತಂದೆಯ ಕಾಲದಲ್ಲಿ ಯಾವ ಎಣ್ಣೆಯನ್ನು ಹಾಕಿದರೂ ನಡೆಯುತ್ತಿತ್ತು ಎಂಬ ಮಾತು ಈಗಿನ ಯಂತ್ರಗಳಿಗೆ ಸಲ್ಲುವುದಿಲ್ಲ.

ಕೀಲೆಣ್ಣೆಯ ಕೆಲಸಗಳು

ಕೀಲೆಣ್ಣೆಯು ಇಂಜಿನ್ನಿನೊಳಗೆ ಐದು ವಿಧವಾದ ಕೆಲಸಗಳನ್ನು ಮಾಡುತ್ತದೆ. ಉಜ್ಜುವ ಭಾಗಗಳ ನಡುವೆ ಪದರವಾಗಿ ನಿಂತು ಸವೆತವನ್ನು ತಡೆಯುವುದು ಮೊದಲನೆಯದು. ಬಿಸಿಯನ್ನು ಹೊತ್ತೊಯ್ಯುವುದು ಎರಡನೆಯದು. ಮಸಿಯನ್ನೂ ಕೊಳೆಯನ್ನೂ ತನ್ನಲ್ಲಿ ತೇಲಿಸಿಕೊಂಡಿರುವುದು ಮೂರನೆಯದು. ಪಿಸ್ಟನ್ನಿನ ಬಳೆಗಳ ಸಂದನ್ನು ಮುಚ್ಚಿ ಒತ್ತಡವನ್ನು ಕಾಯುವುದು ನಾಲ್ಕನೆಯದು. ತುಕ್ಕನ್ನೂ ಆಮ್ಲವನ್ನೂ ತಡೆಯುವುದು ಐದನೆಯದು. ಸೀಸೆಯ ಔಷಧಗಳ ಜಾಹೀರಾತುಗಳು ಮೊದಲನೆಯ ಕೆಲಸವನ್ನು ಮಾತ್ರ ಹೇಳುತ್ತವೆ. ಉಳಿದ ನಾಲ್ಕು ಕೆಲಸಗಳು ಹೊಸ ಎಣ್ಣೆಯಿಂದಲ್ಲದೆ ಬೇರೆ ಯಾವುದರಿಂದಲೂ ಆಗತಕ್ಕವಲ್ಲ.

ಎಣ್ಣೆಯು ಕಪ್ಪಾದರೆ ಕೆಟ್ಟಿತೆಂದೂ, ಕಪ್ಪಾಗದಿದ್ದರೆ ಒಳ್ಳೆಯದೆಂದೂ ಕೆಲವರು ಎಣಿಸುತ್ತಾರೆ. ಇದು ಪೂರ್ತಿ ಸರಿಯಲ್ಲ. ಡೀಸೆಲ್ ಇಂಜಿನ್ನಿನ ಎಣ್ಣೆಯು ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಅದು ಮಸಿಯನ್ನು ಹೊತ್ತುಕೊಳ್ಳುವ ತನ್ನ ಕೆಲಸವನ್ನು ಮಾಡುತ್ತಿರುವುದರ ಲಕ್ಷಣವಾಗಿದೆ. ಬದಲಾಯಿಸುವ ಕಾಲವನ್ನು ಬಣ್ಣದಿಂದಲ್ಲ, ಓಡಿದ ಗಂಟೆಗಳಿಂದ ತಿಳಿಯತಕ್ಕದ್ದು.

ಡಬ್ಬಿಯ ಮೇಲಿನ ಅಂಕೆಗಳು

ಎಣ್ಣೆಯ ಡಬ್ಬಿಯ ಮೇಲೆ ಎಸ್.ಎ.ಇ. ಎಂಬ ಅಕ್ಷರಗಳೂ 30, 40, 15ಡಬ್ಲ್ಯು-40, 20ಡಬ್ಲ್ಯು-40 ಎಂಬ ಅಂಕೆಗಳೂ ಇರುತ್ತವೆ. ಇವು ಗುಣದ ಅಂಕೆಗಳಲ್ಲ, ಮಂದತೆಯ ಅಂಕೆಗಳು. ಡಬ್ಲ್ಯು ಅಕ್ಷರವುಳ್ಳ ಅಂಕೆಯು ಚಳಿಯಲ್ಲಿ ಎಣ್ಣೆಯ ನಡತೆಯನ್ನು ಹೇಳುತ್ತದೆ. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೂ, 15ಡಬ್ಲ್ಯು ಎಣ್ಣೆಯನ್ನು 20 ಡಿಗ್ರಿ ಕೆಳಗೂ ಪರೀಕ್ಷಿಸುತ್ತಾರೆ. ನಮ್ಮ ಸೀಮೆಯಲ್ಲಿ ಧನುರ್ಮಾಸದ ಮುಂಜಾವಿನಲ್ಲಿಯೂ ಅಂಥ ಚಳಿಯಿಲ್ಲದುದರಿಂದ ಈ ಅಂಕೆಯ ವಿಷಯದಲ್ಲಿ ನಾವು ಹೆಚ್ಚು ಚಿಂತಿಸಬೇಕಾಗಿಲ್ಲ.

ಡಬ್ಲ್ಯು ಇಲ್ಲದ ಅಂಕೆಯೇ ನಮಗೆ ಮುಖ್ಯವು. ಅದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಣ್ಣೆಯ ಮಂದತೆಯನ್ನು ತಿಳಿಸುತ್ತದೆ. ಆ ಬಿಸಿಯಲ್ಲಿ 30ರ ಎಣ್ಣೆಯು 9.3 ರಿಂದ 12.5 ರೊಳಗೂ, 40ರ ಎಣ್ಣೆಯು 12.5 ರಿಂದ 16.3 ರೊಳಗೂ ಸೆಂಟಿಸ್ಟೋಕ್ ಮಂದತೆಯುಳ್ಳದ್ದಾಗಿರಬೇಕು. ಟಿಲ್ಲರು ಮತ್ತು ಡೀಸೆಲ್ ಪಂಪುಗಳಿಗೆ ಸಾಧಾರಣವಾಗಿ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಎಂದೂ, ಪುಟ್ಟ ಪೆಟ್ರೋಲ್ ಇಂಜಿನ್ನುಗಳಿಗೆ 10ಡಬ್ಲ್ಯು-30 ಅಥವಾ ಬಿಸಿ ಸೀಮೆಗಳಲ್ಲಿ 30 ಎಂದೂ ತಯಾರಿಸಿದವರು ಕೈಪಿಡಿಯಲ್ಲಿ ಬರೆದಿರುತ್ತಾರೆ. ಕೈಪಿಡಿಯ ಮಾತೇ ಪ್ರಮಾಣವು.

ಇಂಜಿನ್ನು ಸವೆದಿದೆ, ಆದುದರಿಂದ ಇನ್ನೂ ಮಂದವಾದುದನ್ನು ಹಾಕೋಣ ಎಂದು ಗೇರುಪೆಟ್ಟಿಗೆಯ ಎಣ್ಣೆಯನ್ನು ಸುರಿಯುವವರೂ ಇದ್ದಾರೆ. ಕೀಲುಗಳ ಸಂದಿನಲ್ಲಿ ನಿಲ್ಲುವ ಎಣ್ಣೆಯ ಪದರವು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲುಗಳಷ್ಟು ತೆಳುವಾದುದು. ಅತಿ ಮಂದವಾದ ಎಣ್ಣೆಯು ಆ ಸಂದಿಗೆ ಬೇಗನೆ ಹೋಗದು; ಬಿಸಿಯನ್ನೂ ಬೇಗನೆ ಒಯ್ಯದು. ಇಂಜಿನ್ನು ಹೊತ್ತಿಕೊಂಡ ಮೊದಲ ಕ್ಷಣಗಳಲ್ಲಿಯೇ ಸವೆತವು ಹೆಚ್ಚೆಂಬುದನ್ನು ನೆನೆದರೆ, ಇದರ ಹಾನಿಯು ತಿಳಿಯದೆ ಇರದು.

ಡಬ್ಬಿಯ ಮೇಲಿನ ಅಕ್ಷರಗಳು

ಗುಣವನ್ನು ತಿಳಿಸುವುದು ಎ.ಪಿ.ಐ. ಎಂಬುದರ ಮುಂದಿನ ಅಕ್ಷರಗಳು. ಎಸ್ ಎಂದು ಮೊದಲಾಗುವವು ಪೆಟ್ರೋಲ್ ಇಂಜಿನ್ನಿಗೂ, ಸಿ ಎಂದು ಮೊದಲಾಗುವವು ಡೀಸೆಲ್ ಇಂಜಿನ್ನಿಗೂ ಸಲ್ಲತಕ್ಕವು. ಎರಡನೆಯ ಅಕ್ಷರವು ಇಂಗ್ಲಿಷ್ ವರ್ಣಮಾಲೆಯಲ್ಲಿ ಮುಂದೆ ಹೋದಂತೆ ಎಣ್ಣೆಯು ಹೊಸ ಪರೀಕ್ಷೆಗಳಲ್ಲಿ ತೇರ್ಗಡೆಯಾದುದೆಂದು ತಿಳಿಯಬೇಕು. ಡೀಸೆಲಿನವುಗಳಲ್ಲಿ ಸಿಎಚ್-4 ಎಂಬುದು 1998ರಲ್ಲಿಯೂ, ಸಿಐ-4 ಎಂಬುದು 2002ರಲ್ಲಿಯೂ, ಸಿಕೆ-4 ಎಂಬುದು 2016ರಲ್ಲಿಯೂ ಬಂದುವು. ಕೆಲವು ಡಬ್ಬಿಗಳ ಮೇಲೆ ಎರಡು ಬಗೆಯ ಅಕ್ಷರಗಳೂ ಒಟ್ಟಿಗೆ ಇರುತ್ತವೆ. ಅಂತಹ ಎಣ್ಣೆಯು ಎರಡು ವಿಧದ ಇಂಜಿನ್ನುಗಳಿಗೂ ಆಗಬಹುದು.

ಈ ಅಕ್ಷರಗಳಿಲ್ಲದ ಅಥವಾ ಅಳಿಸಿಹೋದ ಡಬ್ಬಿಯನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಮುಚ್ಚಳದ ಮುದ್ರೆಯು ಒಡೆಯದಿರುವುದನ್ನು ನೋಡಿಕೊಂಡು, ಬಿಲ್ಲನ್ನು ಪಡೆದು, ಖಾಲಿಯಾದ ಡಬ್ಬಿಯನ್ನು ತೂತುಮಾಡಿ ಗುಜರಿಗೆ ಕೊಡುವುದು ಒಳ್ಳೆಯದು. ತೂತಿಲ್ಲದ ಡಬ್ಬಿಯು ಪುನಃ ತುಂಬಿ ನಮ್ಮ ಮನೆಗೇ ಬರುವುದುಂಟು.

ಸವೆತವನ್ನು ತಡೆಯುವ ಔಷಧಗಳು

ಇನ್ನು ಸೀಸೆಯ ವಿಷಯಕ್ಕೆ ಬರೋಣ. ಇಂಜಿನ್ನಿನ ಎಲ್ಲ ಭಾಗಗಳಲ್ಲಿಯೂ ಎಣ್ಣೆಯ ಪದರವು ಅಖಂಡವಾಗಿ ನಿಲ್ಲುವುದಿಲ್ಲ. ವಾಲ್ವುಗಳನ್ನು ಎತ್ತುವ ಕ್ಯಾಮಿನ ಮೂಗು, ಪಿಸ್ಟನ್ನಿನ ಬಳೆಯು ಮೇಲಕ್ಕೆ ಹೋಗಿ ಹಿಂದಿರುಗುವ ಸ್ಥಳ, ಇಂತಹ ಕಡೆಗಳಲ್ಲಿ ಒತ್ತಡವು ಹೆಚ್ಚಾಗಿ ಪದರವು ಹರಿದು ಲೋಹಕ್ಕೆ ಲೋಹವು ತಾಗುತ್ತದೆ. ಇದನ್ನು ತಡೆಯುವುದಕ್ಕಾಗಿ 1940ರ ದಶಕದಿಂದ ಕೀಲೆಣ್ಣೆಯಲ್ಲಿ ಸತು, ರಂಜಕ, ಗಂಧಕಗಳು ಕೂಡಿದ ಒಂದು ಸಂಯುಕ್ತವನ್ನು ಬೆರೆಸುತ್ತ ಬಂದಿದ್ದಾರೆ. ಇದಕ್ಕೆ ಝಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್ ಎಂದು ಹೆಸರು; ಸಂಕ್ಷೇಪವಾಗಿ ಜೆಡ್.ಡಿ.ಡಿ.ಪಿ. ಎನ್ನುತ್ತಾರೆ. ಮೊದಲು ಇದನ್ನು ಬೆರೆಸಿದುದು ಎಣ್ಣೆಯು ಕೆಡದಂತೆಯೂ ಕೀಲುಗಳ ಲೋಹವು ಕೊರೆಯದಂತೆಯೂ ಕಾಯುವುದಕ್ಕಾಗಿ. ಸವೆತವನ್ನು ತಡೆಯುವ ಗುಣವು ಆಮೇಲೆ ತಿಳಿದುಬಂದಿತು.

ಇದು ಕೆಲಸ ಮಾಡುವ ರೀತಿಯು ಕುತೂಹಲಕರವಾಗಿದೆ. ಉಜ್ಜಾಟದ ಬಿಸಿಯೂ ಒತ್ತಡವೂ ಇರುವ ಸ್ಥಳದಲ್ಲಿಯೇ ಇದು ಒಡೆದು, ಲೋಹದ ಮೇಲೆ ಗಾಜಿನಂತಹ ಒಂದು ಲೇಪವನ್ನು ಕಟ್ಟುತ್ತದೆ. ಅದರ ದಪ್ಪವು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಲೋಹದ ಬದಲಾಗಿ ಈ ಲೇಪವು ಸವೆಯುತ್ತದೆ. ಸವೆದಂತೆಲ್ಲ ಎಣ್ಣೆಯಲ್ಲಿರುವ ಸಂಯುಕ್ತವು ಪುನಃ ಅದನ್ನು ಕಟ್ಟುತ್ತದೆ. ಹೀಗೆ ಸಂಯುಕ್ತವು ದಿನದಿನಕ್ಕೆ ಖರ್ಚಾಗುತ್ತ ಬರುವುದರಿಂದ, ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸುವುದೇ ಈ ಔಷಧವನ್ನು ಕೊಡುವ ಸರಿಯಾದ ಕ್ರಮವೆಂದಾಯಿತು. ಒಳ್ಳೆಯ ಎಣ್ಣೆಯನ್ನು ಕೊಂಡವರು ಔಷಧವನ್ನೂ ಅದರೊಡನೆಯೇ ಕೊಂಡಿರುತ್ತಾರೆ.

ಹಾಗಾದರೆ ಹೆಚ್ಚಾಗಿ ಬೆರೆಸಿದರೆ ಹೆಚ್ಚು ಗುಣವಲ್ಲವೇ ಎಂದು ಕೆಲವರು ಕೇಳಬಹುದು. ಗದ್ದೆಗೆ ಗೊಬ್ಬರ ಹೆಚ್ಚಾದರೆ ಪೈರು ಮಲಗುವಂತೆ ಇಲ್ಲಿಯೂ ಮಿತಿಯುಂಟು. ಸಂಯುಕ್ತವು ಅತಿಯಾದರೆ ಬೂದಿಯು ಹೆಚ್ಚಾಗಿ ಉರಿಕೋಣೆಯಲ್ಲಿಯೂ ಕಿಡಿಮೊಳೆಯಲ್ಲಿಯೂ ಕಟ್ಟುತ್ತದೆ. ಕೆಲವು ಲೋಹಗಳನ್ನು ಕೊರೆಯಲೂಬಹುದು. ಕೊಳೆಯನ್ನು ತೇಲಿಸುವ ದ್ರವ್ಯ, ಆಮ್ಲವನ್ನು ಮುರಿಯುವ ದ್ರವ್ಯ, ಸವೆತವನ್ನು ತಡೆಯುವ ದ್ರವ್ಯ ಇವೆಲ್ಲವೂ ಲೋಹದ ಮೈಯಲ್ಲಿ ಸ್ಥಳಕ್ಕಾಗಿ ಒಂದರೊಡನೊಂದು ಪೈಪೋಟಿ ಮಾಡತಕ್ಕವು. ಆದುದರಿಂದಲೇ ತಯಾರಕರು ಅವನ್ನು ತೂಕಮಾಡಿ ಬೆರೆಸಿರುತ್ತಾರೆ. ಒಂದನ್ನು ನಾವಾಗಿ ಹೆಚ್ಚಿಸಿದರೆ ಆ ತೂಕವು ತಪ್ಪುತ್ತದೆ.

ಕಾರುಗಳ ಹೊಗೆಕೊಳವೆಯಲ್ಲಿ ವಿಷವಾಯುಗಳನ್ನು ಶುದ್ಧಿಮಾಡುವ ಸಾಧನವನ್ನು ರಂಜಕವು ಕೆಡಿಸುವುದರಿಂದ, 2004ರಲ್ಲಿ ಬಂದ ಎಸ್‌ಎಂ ಶ್ರೇಣಿಯಿಂದೀಚೆಗೆ 5ಡಬ್ಲ್ಯು-30, 10ಡಬ್ಲ್ಯು-30 ಮುಂತಾದ ತೆಳು ಎಣ್ಣೆಗಳಲ್ಲಿ ರಂಜಕವು ನೂರಕ್ಕೆ 0.06 ಕ್ಕೆ ಕಡಿಮೆಯಾಗದಂತೆಯೂ 0.08 ನ್ನು ಮೀರದಂತೆಯೂ ಕಟ್ಟುಪಾಡಾಗಿದೆ. ಸಿಕೆ-4 ಡೀಸೆಲ್ ಎಣ್ಣೆಯಲ್ಲಿ 0.12 ರವರೆಗೆ ಇರಬಹುದು. ಇದನ್ನು ಓದಿದವರು, ಈಗಿನ ಎಣ್ಣೆಯಲ್ಲಿ ಔಷಧವು ಸಾಲದೆಂದು ವಾದಿಸುವುದುಂಟು. ಬಲವಾದ ಸ್ಪ್ರಿಂಗುಗಳನ್ನು ಜೋಡಿಸಿದ ಪಂದ್ಯದ ಇಂಜಿನ್ನುಗಳ ವಿಷಯದಲ್ಲಿಯೂ, ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ನಾವು ಕಾಣುವಂತಹ ಹಳೆಯ ಕಾಲದ ಮೋಟಾರುಗಳನ್ನು ಓಡಿಸುವವರ ವಿಷಯದಲ್ಲಿಯೂ ಈ ವಾದದಲ್ಲಿ ಸತ್ಯಾಂಶವಿದೆ. ಅಲ್ಲಿ ಕ್ಯಾಮಿಗೂ ಅದರ ಮೇಲೆ ಜಾರುವ ಚಪ್ಪಟೆ ತುಂಡಿಗೂ ನಡುವೆ ಒತ್ತಡವು ಬಹಳ. ಆದರೆ ನಮ್ಮ ತೋಟದ ಪುಟ್ಟ ಇಂಜಿನ್ನುಗಳ ಸ್ಪ್ರಿಂಗುಗಳು ಮೃದುವಾದುವು. ಡೀಸೆಲ್ ಯಂತ್ರಗಳಿಗಾದರೋ ಡೀಸೆಲ್ ಎಣ್ಣೆಯಲ್ಲಿಯೇ ಬೇಕಾದಷ್ಟಿದೆ. ನಮಗೆ ಪ್ರತ್ಯೇಕ ಸೀಸೆಯ ಅಗತ್ಯವು ಕಾಣುವುದಿಲ್ಲ.

ಮಾರಾಟಕ್ಕೆ ಬರುವ ಸೀಸೆಗಳಲ್ಲಿರುವುದೆಲ್ಲ ಈ ಸಂಯುಕ್ತವೇ ಆಗಿರುವುದೂ ಇಲ್ಲ. ಕೆಲವುಗಳಲ್ಲಿ ಮಾಲಿಬ್ಡಿನಮ್ಮಿನ ಪುಡಿ, ಕೆಲವುಗಳಲ್ಲಿ ಅಂಟದ ಬಾಣಲೆಗೆ ಬಳಿಯುವ ಟೆಫ್ಲಾನ್ ಜಾತಿಯ ಪುಡಿ, ಮತ್ತೆ ಕೆಲವುಗಳಲ್ಲಿ ಕ್ಲೋರಿನ್ ಬೆರೆತ ಮೇಣ ಇರುತ್ತದೆ. ಕೊನೆಯದು ಬಿಸಿಯಿಂದಲೂ ತೇವದಿಂದಲೂ ಆಮ್ಲವನ್ನು ಹುಟ್ಟಿಸಬಲ್ಲುದು; ಮಳೆಯ ನಾಡಿಗೆ ಅದು ಒಪ್ಪತಕ್ಕ ವಸ್ತುವಲ್ಲ. ಅಮೇರಿಕದ ಫೆಡರಲ್ ಟ್ರೇಡ್ ಕಮಿಷನ್ನು 1990ರ ದಶಕದಲ್ಲಿ ಇಂತಹ ಕೆಲವು ಔಷಧಗಳ ಜಾಹೀರಾತುಗಳಿಗೆ ತಕ್ಕ ಆಧಾರವಿಲ್ಲವೆಂದು ಅವುಗಳನ್ನು ತಯಾರಿಸಿದವರ ಮೇಲೆ ಕ್ರಮ ಕೈಗೊಂಡಿತು. ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲು ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ, ಜಾರಿಸುವ ಔಷಧವನ್ನು ಹಾಕಿದರೆ ಕ್ಲಚ್ಚೇ ಜಾರತೊಡಗುವುದೆಂಬುದನ್ನೂ ನೆನಪಿನಲ್ಲಿಡಬೇಕು.

ಎರಡು ಹೊಡೆತದ ಇಂಜಿನ್ನುಗಳು

ಹುಲ್ಲು ಸವರುವ ಯಂತ್ರಗಳಲ್ಲಿ ಎರಡು ಜಾತಿಗಳಿವೆ. ನಾಲ್ಕು ಹೊಡೆತದ್ದರಲ್ಲಿ ಎಣ್ಣೆಗೆ ಬೇರೆ ಕೋಣೆಯಿದೆ. ಪೆಟ್ರೋಲಿನಲ್ಲಿ ಏನನ್ನೂ ಬೆರೆಸಬಾರದು. ಎರಡು ಹೊಡೆತದ್ದರಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುವುದರಿಂದ, ಬಾಡಿಗೆಗೆ ತಂದ ಯಂತ್ರಕ್ಕೆ ಬರಿಯ ಪೆಟ್ರೋಲನ್ನು ಹಾಕಿ ಕೆಲವೇ ನಿಮಿಷಗಳಲ್ಲಿ ಕೆಡಿಸಿದವರಿದ್ದಾರೆ. ಯಂತ್ರವನ್ನು ಕೈಗೆ ತೆಗೆದುಕೊಂಡಾಗ ಕೇಳಬೇಕಾದ ಮೊದಲನೆಯ ಪ್ರಶ್ನೆಯು ಇದೇ.

ಬೆರೆಸುವ ಪ್ರಮಾಣವು 50ಕ್ಕೆ 1 ಎಂದಿದ್ದರೆ ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರು. ಕಣ್ಣಳತೆಯನ್ನು ಬಿಟ್ಟು ಔಷಧದ ಅಳತೆಬಟ್ಟಲಿನಿಂದ ಅಳೆಯಬೇಕು. ಕಡಿಮೆಯಾದರೆ ಪಿಸ್ಟನ್ನು ಕಚ್ಚುತ್ತದೆ. ಹೆಚ್ಚಾದರೆ ಮಸಿ ಕಟ್ಟಿ ಹೊಗೆಯ ದಾರಿ ಮುಚ್ಚುತ್ತದೆ. ಜಪಾನಿನ ಜಾಸೋ ಪದ್ಧತಿಯ ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂಬ ಶ್ರೇಣಿಗಳಲ್ಲಿ ಎಫ್‌ಡಿ ಮೇಲಾದುದು. ದೋಣಿಯ ಇಂಜಿನ್ನುಗಳಿಗಾಗಿ ಮಾಡಿದ ಎಣ್ಣೆಯು ನೀರಿನಿಂದ ತಣಿಯುವ ಯಂತ್ರಕ್ಕೆ ತಕ್ಕುದು; ಗಾಳಿಯಿಂದ ತಣಿಯುವ ನಮ್ಮ ಯಂತ್ರಕ್ಕೆ ಆಗದು.

ಇಲ್ಲಿ ಇನ್ನೊಂದು ಹೊಸ ತೊಂದರೆಯುಂಟು. ಈಗ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಎಂಬ ಮದ್ಯಸಾರವು ಬೆರೆತಿರುತ್ತದೆ. ಮದ್ಯಸಾರವು ತೇವವನ್ನು ಹೀರತಕ್ಕದ್ದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ವಾರಗಟ್ಟಲೆ ಇಟ್ಟ ಮಿಶ್ರಣದಲ್ಲಿ ನೀರು ಮಿತಿಮೀರಿದರೆ, ನೀರೂ ಮದ್ಯಸಾರವೂ ಕೂಡಿ ತಳಕ್ಕಿಳಿದು ಬೇರೆಯಾಗುತ್ತವೆ. ಕೀಲೆಣ್ಣೆಯು ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಇಂಜಿನ್ನು ತಳದಿಂದ ಹೀರುವುದರಿಂದ ಅದಕ್ಕೆ ಎಣ್ಣೆಯಿಲ್ಲದ ದ್ರವವು ಸಿಗುತ್ತದೆ. ಎಣ್ಣೆಯನ್ನು ಸರಿಯಾಗಿಯೇ ಅಳೆದು ಹಾಕಿದ್ದೆನಲ್ಲಾ ಎಂದು ಯಜಮಾನನು ಆಶ್ಚರ್ಯಪಡುವ ಹೊತ್ತಿಗೆ ಯಂತ್ರವು ಕೆಟ್ಟಿರುತ್ತದೆ. ಆದುದರಿಂದ ಒಂದೆರಡು ದಿನಕ್ಕೆ ಬೇಕಾದಷ್ಟನ್ನೇ ಬೆರೆಸಿ, ಕೆಲಸ ಮುಗಿದು ಒಳಗಿಡುವ ಮೊದಲು ತೊಟ್ಟಿಯನ್ನೂ ಕಾರ್ಬ್ಯುರೇಟರನ್ನೂ ಖಾಲಿಮಾಡತಕ್ಕದ್ದು.

ಮಳೆಗಾಲದ ಎಚ್ಚರ

ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ಬಹುಭಾಗವು ಹೊಗೆಯೊಡನೆ ಹೊರಗೆ ಹೋಗುವುದಾದರೂ, ತಣ್ಣಗಿರುವ ಇಂಜಿನ್ನಿನಲ್ಲಿ ಸ್ವಲ್ಪ ಪಾಲು ಬಳೆಗಳ ಸಂದಿನಿಂದಿಳಿದು ಕೀಲೆಣ್ಣೆಯೊಡನೆ ಸೇರುತ್ತದೆ. ಐದು ನಿಮಿಷ ಓಡಿಸಿ ನಿಲ್ಲಿಸುವ ಅಭ್ಯಾಸದಿಂದ ಎಣ್ಣೆಯು ಕ್ರಮೇಣ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಳತೆಕಡ್ಡಿಯಲ್ಲಿ ಈ ಬಣ್ಣವು ಕಂಡರೆ ಕೂಡಲೇ ಬದಲಾಯಿಸಬೇಕು. ಇಂಜಿನ್ನನ್ನು ಹೊತ್ತಿಸಿದ ಮೇಲೆ ಚೆನ್ನಾಗಿ ಬಿಸಿಯಾಗುವಷ್ಟು ಹೊತ್ತು ಓಡಿಸಿದರೆ ಈ ನೀರು ಆವಿಯಾಗಿ ಹೋಗುತ್ತದೆ.

ಸಿಂಪಡಿಸುವ ಪಂಪಿನ ಇಂಜಿನ್ನಿನಲ್ಲಿ ಎಣ್ಣೆಯನ್ನು ದೂಡುವ ಪಂಪು ಸಾಧಾರಣವಾಗಿ ಇರುವುದಿಲ್ಲ. ತಳದಲ್ಲಿರುವ ಸುಮಾರು 600 ಮಿಲಿಲೀಟರು ಎಣ್ಣೆಯನ್ನು ಒಂದು ಚಿಕ್ಕ ಸೌಟು ಎರಚುತ್ತಿರುತ್ತದೆ. ಅಷ್ಟೇ ಅದಕ್ಕೆ ಆಧಾರವು. ಓರೆಯಾಗಿ ನಿಲ್ಲಿಸಿದರೆ ಎಣ್ಣೆಯು ಒಂದು ಬದಿಗೆ ಸೇರಿ ಸೌಟಿಗೆ ಸಿಗದೆ ಹೋಗುತ್ತದೆ. ಘಟ್ಟದ ಬುಡದ ತೋಟಗಳಲ್ಲಿ ಸಮತಟ್ಟಾದ ಸ್ಥಳ ಕಡಿಮೆ. ಆದರೂ ನಾಲ್ಕು ಹಾರೆ ಮಣ್ಣು ಕೆರೆದು ಸಮಮಾಡಿಕೊಳ್ಳುವುದು ಹತ್ತು ಸೀಸೆ ಔಷಧಗಳಿಗಿಂತ ಮೇಲು.

ಬೇಸಗೆಯಲ್ಲಿ ನಮ್ಮ ಕೆಮ್ಮಣ್ಣಿನ ಧೂಳು ಇಂಜಿನ್ನಿನ ಮತ್ತೊಂದು ಶತ್ರುವು. ಗಾಳಿ ಸೋಸುವ ಸಾಧನವು ಹರಿದಿದ್ದರೆ ಆ ಧೂಳು ಒಳಗೆ ಹೋಗಿ ಸಾಣೆಕಲ್ಲಿನಂತೆ ಅರೆಯುತ್ತದೆ. ಅದನ್ನು ತಡೆಯುವ ಔಷಧವು ಯಾವ ಸೀಸೆಯಲ್ಲಿಯೂ ಇಲ್ಲ. ಟಿಲ್ಲರಿನ ಸೋಸುವ ಬಟ್ಟಲಿನಲ್ಲಿ ಎಣ್ಣೆಯಿದ್ದರೆ ಅದನ್ನೂ ಬದಲಾಯಿಸುತ್ತಿರಬೇಕು.

ಅನುಸರಿಸಬೇಕಾದ ನಿಯಮಗಳು

1. ಪ್ರತಿದಿನ ಇಂಜಿನ್ನನ್ನು ಹೊತ್ತಿಸುವ ಮೊದಲು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ ಅಳತೆಕಡ್ಡಿಯನ್ನು ನೋಡುವುದು.

2. ಹೊಸ ಪುಟ್ಟ ಪೆಟ್ರೋಲ್ ಇಂಜಿನ್ನಿನ ಎಣ್ಣೆಯನ್ನು ಮೊದಲ 20 ಗಂಟೆಗಳ ತರುವಾಯವೂ, ಮುಂದೆ 100 ಗಂಟೆಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆಯೂ, ಯಾವುದು ಮೊದಲೋ ಆಗ, ಬದಲಾಯಿಸುವುದು. ಕೈಪಿಡಿಯಲ್ಲಿ ಬೇರೆ ಅವಧಿಯಿದ್ದರೆ ಅದನ್ನೇ ಅನುಸರಿಸುವುದು.

3. ಮೇ ತಿಂಗಳ ಕೊನೆಯೊಳಗೆ, ಅಂದರೆ ಮೊದಲನೆಯ ಸಿಂಪಡಿಕೆಗೆ ಮುಂಚೆ, ಎಣ್ಣೆಯನ್ನು ತಪ್ಪದೆ ಬದಲಾಯಿಸಿ ಅರ್ಧ ಗಂಟೆ ಓಡಿಸಿ ನೋಡುವುದು.

4. ಎಣ್ಣೆಯನ್ನು ಇಂಜಿನ್ನು ಬಿಸಿಯಾಗಿರುವಾಗಲೇ ಇಳಿಸುವುದು. ಕೊಳೆಯೂ ಅದರೊಡನೆಯೇ ಇಳಿಯುತ್ತದೆ.

5. ಇಂಜಿನ್ನಿನ ಮೇಲೆ ಒಂದು ಕಾಗದವನ್ನು ಅಂಟಿಸಿ, ಬದಲಾಯಿಸಿದ ದಿನವನ್ನೂ ಓಡಿದ ಗಂಟೆಗಳನ್ನೂ ಬರೆಯುವುದು.

6. ಎಣ್ಣೆಯು ಸರಿಯಾಗಿದ್ದರೆ ಔಷಧವು ಬೇಕಾಗಿಲ್ಲ. ಎಣ್ಣೆಯು ಸರಿಯಿಲ್ಲದಿದ್ದರೆ ಔಷಧದಿಂದ ಪ್ರಯೋಜನವಿಲ್ಲ ಎಂಬುದನ್ನು ಮರೆಯದಿರುವುದು.

ಹಳೆಯ ಎಣ್ಣೆಯ ವಿನಿಯೋಗ

ಇಳಿಸಿದ ಎಣ್ಣೆಯನ್ನು ತೋಡಿಗೆ ಚೆಲ್ಲುವುದೂ, ಗೆದ್ದಲಿಗೆಂದು ಮರಗಳ ಬುಡಕ್ಕೆ ಸುರಿಯುವುದೂ ನಮ್ಮಲ್ಲಿ ಕಂಡುಬರುವ ಕೆಟ್ಟ ಪದ್ಧತಿಗಳು. ಅದರಲ್ಲಿ ಸವೆದ ಲೋಹಗಳೂ ಉರಿಯುವಿಕೆಯಿಂದುಂಟಾದ ವಿಷದ್ರವ್ಯಗಳೂ ಇರುತ್ತವೆ. ಬೆಳ್ತಂಗಡಿ, ಬಂಟ್ವಾಳಗಳ ತೋಡುಗಳ ನೀರಿನ ಬಹುಪಾಲು ನೇತ್ರಾವತಿಗೆ ಸೇರುತ್ತದೆ. ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ಜನರು ಕುಡಿಯುವುದು ಅದನ್ನೇ. 2016ರ ಕೇಂದ್ರ ಸರಕಾರದ ನಿಯಮಗಳಲ್ಲಿ ಬಳಸಿದ ಎಣ್ಣೆಯನ್ನು ಅಪಾಯಕರ ತ್ಯಾಜ್ಯಗಳ ಸಾಲಿಗೆ ಸೇರಿಸಲಾಗಿದೆ. ಮುಚ್ಚಳವುಳ್ಳ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಶುದ್ಧಿಮಾಡುವವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡುವುದೇ ಸರಿಯಾದ ದಾರಿಯು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಊರಿನ ಹತ್ತು ಮಂದಿ ಜಮೀನುದಾರರು ಸೇರಿ, ಒಂದೇ ಬಗೆಯ ಎಣ್ಣೆಯನ್ನು ಸಹಕಾರಿ ಸಂಘದ ಮೂಲಕ ದೊಡ್ಡ ಡಬ್ಬಿಯಲ್ಲಿ ತರಿಸಿಕೊಂಡರೆ ಬೆಲೆಯೂ ಇಳಿಯುತ್ತದೆ, ಮೋಸದ ಭಯವೂ ತಪ್ಪುತ್ತದೆ. ಮೇ ತಿಂಗಳಲ್ಲಿ ಒಂದು ದಿನವನ್ನು ಗೊತ್ತುಮಾಡಿ ಎಲ್ಲರ ಇಂಜಿನ್ನುಗಳನ್ನೂ ಒಂದೆಡೆ ತರಿಸಿ, ಬಲ್ಲ ಮೆಕ್ಯಾನಿಕನೊಬ್ಬನಿಂದ ಎಣ್ಣೆಯನ್ನು ಬದಲಾಯಿಸಿಸುವ ಏರ್ಪಾಡು ಮಾಡಿದರೆ ಇನ್ನೂ ಉತ್ತಮ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವು ಮದ್ದೆಂಬುದನ್ನು ಮೈಸೂರು ಸಂಸ್ಥಾನದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ತೋರಿಸಿಕೊಟ್ಟು ನೂರು ವರ್ಷಗಳಿಗೂ ಮೇಲಾಯಿತು. 100 ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ ಎಂಬುದನ್ನು ಮಕ್ಕಳೂ ಬಲ್ಲರು. ಆ ಮದ್ದು ಮಳೆಯ ಬಿಡುವಿನೊಳಗೆ ಗೊನೆಯನ್ನು ಮುಟ್ಟಬೇಕಾದರೆ, ನಡುವೆ ಇರುವ ಆ ಪುಟ್ಟ ಇಂಜಿನ್ನು ನಡೆಯಬೇಕು. ಅದು ನಡೆಯಬೇಕಾದರೆ ಅರ್ಧ ಲೀಟರಿಗೆ ಸ್ವಲ್ಪ ಮೇಲ್ಪಟ್ಟ ಒಳ್ಳೆಯ ಎಣ್ಣೆಯು ಸಾಕು.

ಮೇಲೆ ಹೇಳಿದ ಗೃಹಸ್ಥರು ಈಗ ಪ್ರತಿವರ್ಷ ಮೇ ತಿಂಗಳಲ್ಲಿ ತಮ್ಮ ಕೈಯಿಂದಲೇ ಎಣ್ಣೆಯನ್ನು ಬದಲಾಯಿಸುತ್ತಾರೆ. ನನ್ನನ್ನು ಕಂಡಾಗ, "ಈ ಸಲ ಕಡ್ಡಿ ನೋಡಿ ಹೇಳಿ ಸ್ವಾಮಿ" ಎಂದು ನಗುತ್ತಾರೆ. ನಾನೂ ಈಗ ಇಂಜಿನ್ನಿನ ಕಡ್ಡಿಯನ್ನು ಎಳೆದು ನೋಡದೆ ಯಾರಿಗೂ ಉತ್ತರವನ್ನು ಹೇಳುವುದಿಲ್ಲ.